ಗಿಡ ನೆಡಬೇಡಿ ಮಾರಾಯ್ರೇ, ಸುಮ್ಮನೆ ಬಿಡಿ!

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಗಿತ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಮೊನ್ನೆ ಊರಿಂದ ಅಪ್ಪಯ್ಯನ ಫೋನ್ ಬಂದ ಮೇಲೆ ಸುಮ್ಮನೆ ಕೂರೋಕೆ ಆಗ್ಲಿಲ್ಲ. ಬರೆದು ಮುಗಿಸದೆ ನಿದ್ದೆ ಬರೋಲ್ಲ ಅನ್ನಿಸಿ ಈ ಸರಿರಾತ್ರಿಯಲ್ಲಿ ಕೂತಿದೀನಿ. ಸ್ವಲ್ಪ ಉದ್ದ ಆಗತ್ತೆ, ಸ್ವಲ್ಪ ಖಾರವೂ ಆಗಬಹುದು. ಸಹಿಸ್ಕೊಳ್ಳಿ.

ವಿಷಯ ಇಷ್ಟು. ನಮ್ಮದು ಶಿರಸಿ ಸೀಮೆಯ ಒಂದು ಸಣ್ಣ ಊರು. ಊರ ಹಿಂದೆ ಸೊಪ್ಪಿನಬೆಟ್ಟ ಇದೆ. ಬಯಲುಸೀಮೆಯ ಮಿತ್ರರಿಗೆ ಗೊತ್ತಿರಲಿಕ್ಕಿಲ್ಲ, ಹೇಳ್ತೀನಿ: ಸೊಪ್ಪಿನಬೆಟ್ಟ ಅಂದ್ರೆ ಅಡಿಕೆ ತೋಟದವರಿಗೆ ಸೊಪ್ಪು, ದರಕು ತಂದುಕೊಳ್ಳೋಕೆ ಅಂತ ಬಿಟ್ಟ ಕಾಡು. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ನಮ್ಮದು. ಇಂಥ ಬೆಟ್ಟದ ಒಂದು ಭಾಗದಲ್ಲಿ ಈಗ ಎಂಟ್ಹತ್ತು ವರ್ಷದಿಂದ ಯಾರೂ ಸೊಪ್ಪು ಕಡಿದಿಲ್ಲ. ಕಡಿಯೋಕೆ ಜನವೇ ಇಲ್ಲ, ಹುಡುಗರೆಲ್ಲ ನನ್ನ ಹಾಗೆ ಬೆಂಗಳೂರಿಗೆ ಬಂದು ಕೂತಿದ್ದಾರಲ್ಲ. ಹಾಗಾಗಿ ಅಲ್ಲಿ ‘ಹಾಳು ಗಿಡ’ ಬೆಳೆದಿದೆಯಂತೆ. ಅದನ್ನೆಲ್ಲ ಸವರಿ ಚೊಕ್ಕ ಮಾಡಿ, ಬೆಂಗಳೂರಿನ ಒಂದು ಕಂಪನಿಯ ದುಡ್ಡಲ್ಲಿ ಮೂರು ಸಾವಿರ ಸಸಿ ನೆಡೋದು ಅಂತ ಊರ ಹುಡುಗರ ಯೋಜನೆ. ಜೇಸಿಬಿ ಕೂಡ ಗೊತ್ತಾಗಿದೆಯಂತೆ. ಮುಂದಿನ ಭಾನುವಾರ ದೇವಸ್ಥಾನದಲ್ಲಿ ಮೀಟಿಂಗು.

“ನಿನ್ನ ಹತ್ರ ಒಂದು ಮಾತು ಕೇಳವು ಹೇಳಿ ಫೋನ್ ಮಾಡ್ದಿ. ನೀನೂ ಒಂದ್ಸಲ ನೆಡ್ಸಿದ್ಯಲ, ಎಂತಾ ಹೇಳ್ತೆ?” ಅಂದರು ಅಪ್ಪಯ್ಯ.

ಆ ಪ್ರಶ್ನೆಯೇ ನನ್ನ ನಿದ್ದೆ ಕೆಡಿಸಿದ್ದು. ಹೌದು, ನಾನೂ ಒಂದ್ಸಲ ನೆಡಿಸಿದ್ದೆ.

2008ರ ಜೂನ್ ತಿಂಗಳು. ಆಫೀಸಿನ ಇಪ್ಪತ್ತು ಜನರನ್ನು ಎರಡು ಗಾಡಿಯಲ್ಲಿ ತುಂಬಿಕೊಂಡು ಊರಿಗೆ ಹೋಗಿದ್ದೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಒಂದು ದೊಡ್ಡ ಬ್ಯಾನರು. ನಾವು ಹೋಗೋ ಮೊದಲೇ ಆಳುಗಳು ನಾಲ್ಕು ದಿನ ಕತ್ತಿ ಹಿಡಿದು ಬೆಟ್ಟದ ನಮ್ಮ ಪಾಲನ್ನು ಬೋಳಿಸಿ ಇಟ್ಟಿದ್ದರು. ಅಲ್ಲಿ ಇದ್ದದ್ದು ಏನು ಅಂದ್ರೆ ಉಪ್ಪಳಿಗೆ, ಕುಂಕುಮದ ಮರ, ನೆಕ್ಕರಿಕ, ಮುಳ್ಳುಹಣ್ಣಿನ ಮಟ್ಟಿ. ಯಾವುದಕ್ಕೂ ಬೆಲೆ ಇಲ್ಲ. ಕಂಬಕ್ಕಾಗದು, ಜಂತಿಗಾಗದು. ಅದನ್ನೆಲ್ಲ ತೆಗೆದು ನಾವು ಆರುನೂರು ಸಸಿ ನೆಟ್ಟೆವು. ಹೊನ್ನೆ, ಹಲಸು, ನೇರಳೆ, ರಾಮಪತ್ರೆ, ಧೂಪ. ಎಲ್ಲ ನಮ್ಮ ನೆಲದ ಮರಗಳೇ, ಅಕೇಶಿಯಾ ಒಂದೂ ಇರಲಿಲ್ಲ ಅಂತ ನನಗೆ ಎಷ್ಟು ಹೆಮ್ಮೆ! ಬ್ಲಾಗಿನಲ್ಲಿ ಫೋಟೋ ಹಾಕಿದ್ದೆ. ನಿಮ್ಮಲ್ಲೇ ಎಷ್ಟೋ ಜನ ಶಹಬ್ಬಾಸ್ ಅಂದಿದ್ರಿ. (ಆ ಪೋಸ್ಟು ಹುಡುಕಬೇಡಿ, ನಾಚಿಕೆಯಾಗಿ ತೆಗೆದುಹಾಕಿದೀನಿ.)

ದೊಡ್ಡಪ್ಪ ಮಾತ್ರ ತನ್ನ ಪಾಲಿನ ಬೆಟ್ಟ ಮುಟ್ಟೋಕೆ ಬಿಡಲಿಲ್ಲ. ನಮ್ಮ ಪಾಲಿಗೂ ಅವರ ಪಾಲಿಗೂ ನಡುವೆ ಒಂದು ಅಗಳ, ಅಷ್ಟೆ. “ನಂದು ಇದ್ದಾಂಗೇ ಇರ್ಲಿ ತಮಾ. ಉಪ್ಪಳಿಗೆ ಎಂತಕ್ಕೆ ಕಡೀತೆ? ಅದು ತಾನಾಗೇ ಸಾಯ್ತು” ಅಂದಿದ್ದರು. ಹಳೇ ಕಾಲದ ಮನುಷ್ಯ, ಮೊಂಡು ಅಂತ ನಾನು ಸ್ನೇಹಿತರ ಎದುರು ನಕ್ಕಿದ್ದೆ.

ಆಮೇಲೆ ಏನಾಯ್ತು ಕೇಳಿ. ಆ ಮಳೆಗಾಲದಲ್ಲಿ ಸಸಿಗಳು ಚೆನ್ನಾಗಿಯೇ ಇದ್ದವು. ದೀಪಾವಳಿ ಹೊತ್ತಿಗೆ ಹುಲ್ಲು ಸೊಂಟದೆತ್ತರ ಬಂತು. ಫೆಬ್ರವರಿಗೆ ಹುಲ್ಲು ಒಣಗಿ, ಜಂಬಿಟ್ಟಿಗೆ ನೆಲ ಕಾದ ಹೆಂಚಿನ ಹಾಗಾಯ್ತು. ಧೂಪದ ಸಸಿ ಒಂದೂ ಉಳಿಯಲಿಲ್ಲ. ರಾಮಪತ್ರೆಯೂ ಅಷ್ಟೆ. ಎರಡನೇ ವರ್ಷ ಯುಪಟೋರಿಯಂ ನುಗ್ಗಿತು. ಅದರ ಹಿಂದೆಯೇ ಲಂಟಾನ. ಮೂರು ವರ್ಷದ ನಂತರ ಒಂದು ಬೇಸಿಗೆಯಲ್ಲಿ ನಾನೇ ಹೋಗಿ ಎಣಿಸಿದೆ. ಆರುನೂರರಲ್ಲಿ ಹತ್ತೊಂಬತ್ತು ಸಸಿ ಇದ್ದವು.

ದೊಡ್ಡಪ್ಪನ ಪಾಲಿಗೆ ಕಳೆದ ವರ್ಷ ಹೋಗಿದ್ದೆ. ದೊಡ್ಡಪ್ಪ ಈಗಿಲ್ಲ. ಅಗಳ ದಾಟಿ ಒಳಗೆ ಹೋದರೆ ಮೈಗೆ ತಂಪು ಬಡಿಯತ್ತೆ. ಕಾಲ ಕೆಳಗೆ ದರಕಿನ ಹಾಸಿಗೆ. ಆಗ ಕೈಗೆಟುಕುವಷ್ಟಿದ್ದ ಉಪ್ಪಳಿಗೆಗಳು ದೊಡ್ಡ ಮರವಾಗಿ, ಕೆಲವು ಆಗಲೇ ಒಣಗಿ, ಟೊಳ್ಳಾಗಿ ಬಿದ್ದಿವೆ. ಬಿದ್ದ ಮರದ ಪಕ್ಕದಲ್ಲೇ ನನ್ನೆತ್ತರದ ಹೆಬ್ಬಲಸು, ಉಪ್ಪಾಗೆ, ನೇರಳೆ. ಯಾರೂ ನೆಟ್ಟಿದ್ದಲ್ಲ. ನೀರು ಹಾಕಿದವರಿಲ್ಲ, ಬ್ಯಾನರು ಕಟ್ಟಿದವರಿಲ್ಲ. ಅವತ್ತು ನನಗೆ ಮುಖಕ್ಕೆ ಹೊಡೆದ ಹಾಗಾಯ್ತು.

‘ಅದು ತಾನಾಗೇ ಸಾಯ್ತು’ ಅನ್ನೋ ಮಾತಿನ ಅರ್ಥ ನನಗೆ ಆಗಿದ್ದು ಆವಾಗ. ಅದರ ನಂತರ ಕೂತು ಒಂದಿಷ್ಟು ಓದಿದೆ. ಓದಿದ್ದನ್ನು ನನ್ನ ಭಾಷೆಯಲ್ಲಿ ಹೇಳ್ತೀನಿ.

ಕಾಡು ಕಡಿದ ಜಾಗದಲ್ಲಿ, ಬೆಂಕಿ ಬಿದ್ದಲ್ಲಿ, ಗುಡ್ಡ ಕುಸಿದಲ್ಲಿ ಮೊದಲು ಬರೋ ಗಿಡಗಳಿಗೆ ಇಂಗ್ಲಿಷಿನಲ್ಲಿ ‘ಪಯೋನಿಯರ್’ ಅಂತಾರೆ. ನಾನು ಮೊದಲಿಗರು ಅಂತೀನಿ. ನಮ್ಮ ಮಲೆನಾಡಿನಲ್ಲಿ ಇವರ ಪೈಕಿ ಎದ್ದು ಕಾಣೋದು ಉಪ್ಪಳಿಗೆ. ಚಂದಕಲು ಅಂತಲೂ ಅಂತಾರೆ, ವಿಜ್ಞಾನದವರಿಗೆ ಮಕರಂಗ ಪೆಲ್ಟಾಟ. ಗುರಾಣಿ ಥರದ ದೊಡ್ಡ ಎಲೆ, ತೊಟ್ಟು ಎಲೆಯ ಅಂಚಿಗಲ್ಲ, ನಡುವಿನ ಹತ್ತಿರ ಸೇರಿರತ್ತೆ. ಘಾಟಿ ರಸ್ತೆಯ ಪಕ್ಕ ಮಣ್ಣು ಅಗೆದಲ್ಲೆಲ್ಲ ಇದೇ ಮೊದಲು ಏಳೋದು, ನೀವೆಲ್ಲ ನೋಡೇ ಇರ್ತೀರಿ. ಇದರ ಜೊತೆಗೆ ಟ್ರೀಮಾ ಅನ್ನೋ ಒರಟು ಎಲೆಯ ಮರ, ಕುಂಕುಮದ ಮರ, ನೆಕ್ಕರಿಕ ಇತ್ಯಾದಿ.

ಇವುಗಳ ಬಾಳ್ವೆಯೇ ಬೇರೆ. ಬೀಜ ಸಣ್ಣದು, ಲೆಕ್ಕವಿಲ್ಲದಷ್ಟು ಬಿಡತ್ತೆ, ಹಕ್ಕಿಗಳು ತಿಂದು ಎಲ್ಲ ಕಡೆ ಹಾಕ್ತವೆ. ಎಷ್ಟೋ ಮೊದಲಿಗರ ಬೀಜ ಕಾಡಿನ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರತ್ತೆ. ಮೇಲೆ ದೊಡ್ಡ ಮರ ಬಿದ್ದು ಬಿಸಿಲು ನೆಲಕ್ಕೆ ತಾಗಿದಾಗ, ಬೆಳಕಿನ ಬಣ್ಣ ಬದಲಾದದ್ದನ್ನು, ಮಣ್ಣು ಬಿಸಿಯಾದದ್ದನ್ನು ತಿಳಿದುಕೊಂಡು ಏಳತ್ತೆ. ಹಸಿರೆಲೆಯ ಮೂಲಕ ಸೋಸಿ ಬಂದ ಬೆಳಕಿಗೂ ನೇರ ಬಿಸಿಲಿಗೂ ಇರೋ ವ್ಯತ್ಯಾಸ ಈ ಸಾಸಿವೆ ಗಾತ್ರದ ಬೀಜಗಳಿಗೆ ಗೊತ್ತಾಗತ್ತೆ ಅಂದ್ರೆ ನಂಬ್ತೀರಾ? ಎದ್ದ ಮೇಲೆ ಭರಭರ ಬೆಳೆಯತ್ತೆ. ಹಾಗೆ ಬೆಳೆಯೋ ಭರದಲ್ಲಿ ಕಟ್ಟಿಗೆ ಗಟ್ಟಿಯಾಗಲ್ಲ. ಆಯಸ್ಸೂ ಕಮ್ಮಿ.

ಈ ಅವಸರದ ಬದುಕಿನಿಂದ ಕಾಡಿಗೆ ಏನು ಸಿಗತ್ತೆ? ಮೊದಲು ನೆರಳು. ನೆರಳು ಬಿದ್ದರೆ ಬಿಸಿಲು ಬೇಕೇ ಬೇಕು ಅನ್ನೋ ಹುಲ್ಲು ಸೊರಗತ್ತೆ. ಹುಲ್ಲು ಸೊರಗಿದರೆ ಬೇಸಿಗೆಯ ಬೆಂಕಿಗೆ ಮೇವಿಲ್ಲ. ನೆಲದ ಕಾವು ಇಳಿಯತ್ತೆ, ಎಲೆ ಉದುರಿ ಕೊಳೆತು ಮಣ್ಣಿಗೆ ಜೀವ ಬರತ್ತೆ. ಎರಡನೆಯದು ಹಕ್ಕಿ. ಬಟಾಬಯಲಲ್ಲಿ ಹಣ್ಣು ತಿನ್ನೋ ಹಕ್ಕಿ ಬಂದು ಕೂರೋಕೆ ಜಾಗವೇ ಇಲ್ಲ. ಉಪ್ಪಳಿಗೆ, ಟ್ರೀಮಾ ಮೂರ್ನಾಲ್ಕು ವರ್ಷದಲ್ಲಿ ಮರವಾಗಿ ಹಣ್ಣು ಬಿಟ್ಟರೆ ಪಿಕಳಾರಗಳು ಬರ್ತವೆ. ಬರುವಾಗ ಖಾಲಿ ಹೊಟ್ಟೆಯಲ್ಲಿ ಬರಲ್ಲ, ಪಕ್ಕದ ಕಾಡಿನ ಹಣ್ಣು ತಿಂದೇ ಬರೋದು. ಇಲ್ಲಿ ಕೂತು ಹಿಕ್ಕೆ ಹಾಕಿ ಹೋಗ್ತವೆ. ಅದೇ ನಾಟಿ! ಮೂರು ಸಾವಿರ ಸಸಿಗೆ ಗುಂಡಿ ತೋಡಿಸೋ ಖರ್ಚನ್ನು ಹಕ್ಕಿಗಳು ಪುಕ್ಕಟೆ ಮಾಡಿಕೊಡ್ತವೆ.

ಮೂರನೆಯದೇ ನನ್ನ ಪಾಲಿಗೆ ದೊಡ್ಡ ಸಂಗತಿ. ಉಪ್ಪಳಿಗೆಯ ಸಸಿ ಉಪ್ಪಳಿಗೆಯ ನೆರಳಿನಲ್ಲಿ ಬದುಕಲ್ಲ. ತಾನು ಹಾಸಿದ ನೆರಳಿನಲ್ಲಿ ತನ್ನ ಮಕ್ಕಳಿಗೇ ಜಾಗವಿಲ್ಲ. ಅಲ್ಲಿ ಬದುಕೋದು ಬೇರೆಯವರ ಮಕ್ಕಳು, ನೆರಳು ಸಹಿಸೋ ಹೆಬ್ಬಲಸು, ರಾಮಪತ್ರೆ, ಧೂಪ. ಅವು ತಲೆ ಎತ್ತೋ ಹೊತ್ತಿಗೆ ಉಪ್ಪಳಿಗೆಯ ಆಯಸ್ಸು ಮುಗಿದಿರತ್ತೆ. ನಮ್ಮ ಹುಡುಗರು ಜೇಸಿಬಿ ತಂದು ಕೀಳಬೇಕು ಅಂತಿರೋದು ಇಂಥ ಮರವನ್ನು. ತಾನಾಗೇ ಹೋಗುವವನನ್ನು ಕತ್ತು ಹಿಡಿದು ದಬ್ಬೋಕೆ ದುಡ್ಡು ಖರ್ಚು ಮಾಡ್ತಾರಲ್ಲ, ಇದಕ್ಕೆ ಏನನ್ನಬೇಕು?

ನನ್ನ ಧೂಪ ಯಾಕೆ ಸತ್ತಿತು ಅಂತ ಈಗ ಗೊತ್ತಾಯ್ತಲ್ಲ. ಅಡವಿಯ ಒಳಗಿನ ತಂಪು, ತೇವ ಬೇಡುವ ಸಸಿಯನ್ನು ನಾನು ಮಾರ್ಚ್ ಬಿಸಿಲಿಗೆ ಬೆತ್ತಲೆ ನಿಲ್ಲಿಸಿದ್ದೆ. ಅದರ ತಲೆಯ ಮೇಲೆ ಕೊಡೆ ಹಿಡಿಯೋಕೆ ಅಂತಲೇ ಬಂದಿದ್ದ ಉಪ್ಪಳಿಗೆಯನ್ನು ಮೊದಲೇ ಕಡಿಸಿದ್ದೆ. ಮೇಲಿಂದ ಟೀ ಶರ್ಟು ಹಾಕಿಕೊಂಡು ಫೋಟೋ ಬೇರೆ.

ಈಗ ಜಗಳಕ್ಕೆ ಬರೋಣ. :-)

ನನ್ನ ಸಿಟ್ಟು ಊರ ಹುಡುಗರ ಮೇಲಲ್ಲ, ಅವರ ಮನಸ್ಸು ಒಳ್ಳೆಯದೇ. ನನ್ನ ಸಿಟ್ಟು ಕಾಡು ಅಂದ್ರೆ ‘ಎಷ್ಟು ಸಸಿ ನೆಟ್ಟಿರಿ’ ಅಂತ ಎಣಿಸೋ ಅಭ್ಯಾಸದ ಮೇಲೆ. ವನಮಹೋತ್ಸವ ಶುರುವಾಗಿದ್ದು 1950ರಲ್ಲಿ, ಕೆ.ಎಂ. ಮುನ್ಶಿಯವರು ಕೇಂದ್ರದ ಮಂತ್ರಿಯಾಗಿದ್ದಾಗ. ಅವತ್ತಿಂದ ಇವತ್ತಿನವರೆಗೆ ಪ್ರತಿ ಜುಲೈನಲ್ಲಿ ನೆಟ್ಟ ಲೆಕ್ಕ ಪೇಪರಿನಲ್ಲಿ ಬರತ್ತೆ. ಬದುಕಿದ ಲೆಕ್ಕ ನಿಮ್ಮೂರ ಪೇಪರಿನ ಮುಖಪುಟದಲ್ಲಿ ಎಂದಾದರೂ ನೋಡಿದೀರಾ? ತಾನಾಗೇ ಎದ್ದ ಗಿಡಕ್ಕೆ ಉದ್ಘಾಟನೆ ಇಲ್ಲ, ಬಿಲ್ಲೂ ಇಲ್ಲ. ಬಿಲ್ಲಿಲ್ಲದ್ದು ಕೆಲಸವೇ ಅಲ್ಲ ಅಂತ ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಇನ್ನು ಕಾಡಿನ ಲೆಕ್ಕವೋ, ಅದು ಇನ್ನೂ ಚಂದ. ಭಾರತೀಯ ಅರಣ್ಯ ಸಮೀಕ್ಷೆಯವರ ಪ್ರಕಾರ ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮರದ ಹೊದಿಕೆ ಇದ್ದರೆ ಅದು ‘ಅರಣ್ಯ ಹೊದಿಕೆ’. ಯಾವ ಮರ, ಯಾರ ಜಾಗ ಅಂತ ಕೇಳೋ ಹಾಗಿಲ್ಲ. ನೀಲಗಿರಿ ತೋಪೂ ಅದರಲ್ಲಿ ಬಂತು, ರಬ್ಬರ್ ತೋಟವೂ ಬಂತು. ಉಪಗ್ರಹದಿಂದ ನೋಡಿದರೆ ಎಲ್ಲ ಹಸಿರು. ಆದರೆ ನೆಕ್ಕರಿಕ ಮಟ್ಟಿ, ಎಳೆ ಉಪ್ಪಳಿಗೆ ಇರೋ ಜಾಗ ಮಾತ್ರ ‘ಹಾಳು ಬಿದ್ದ ಕಾಡು’ ಅನ್ನಿಸಿಕೊಳ್ಳತ್ತೆ. ಹಾಳು ಅಂತ ಹೆಸರು ಬಿದ್ದ ಮೇಲೆ ‘ಅಭಿವೃದ್ಧಿ’ ಮಾಡೋಕೆ ಎಲ್ಲರೂ ರೆಡಿ. ಕಾಡು ಹುಟ್ಟುತ್ತಾ ಇರೋದನ್ನೇ ಕಾಡು ಸತ್ತಿದೆ ಅಂತ ಓದೋ ಕುರುಡುತನ ಇದು.

ನಮ್ಮ ರಾಜ್ಯಕ್ಕೆ ಈ ಪಾಠ ಹೊಸದೇನಲ್ಲ. 1984ರಲ್ಲಿ ಸರ್ಕಾರ ಹರಿಹರದ ನಾರು ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿ, ಹಳ್ಳಿಗರ ಸಾಮೂಹಿಕ ಭೂಮಿಯನ್ನು ‘ಬಂಜರು’ ಅಂತ ಕರೆದು ಅಲ್ಲಿ ನೀಲಗಿರಿ ಹಾಕಿಸಿತು. ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಗರ ಜೊತೆ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ‘ಬಂಜರು’ ಅನ್ನೋ ಒಂದು ಶಬ್ದ ಏನೆಲ್ಲ ಮಾಡಬಲ್ಲದು ನೋಡಿ. ಆಮೇಲೆ ಅಕೇಶಿಯಾ ಕಾಲ ಬಂತು. 2020ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಯ ನೆಡುತೋಪುಗಳ ಗುತ್ತಿಗೆ ಮುಂದುವರಿಸಿದಾಗ ಶಿವಮೊಗ್ಗದ ಕಡೆ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಜನ ಎದ್ದಿದ್ದು ನಿಮಗೂ ನೆನಪಿರಬಹುದು.

ಇಲ್ಲಿ ನನ್ನ ಪರಿಸರವಾದಿ ಮಿತ್ರರಿಗೂ ಒಂದು ಮಾತು ಹೇಳಲೇಬೇಕು, ಬೇಜಾರಾಗಬೇಡಿ. ಅಕೇಶಿಯಾ ಅಂದಕೂಡಲೇ ನೀವು ‘ಕೀಳಿ, ಎಲ್ಲ ಕಿತ್ತುಹಾಕಿ ನಮ್ಮ ಗಿಡ ನೆಡಿ’ ಅಂತೀರಿ. ಅಕೇಶಿಯಾ ಕೂಡ ಒಂದು ಮೊದಲಿಗ ಮರವೇ, ಹೊರಗಿನಿಂದ ಬಂದದ್ದು ಅಷ್ಟೆ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದ್ದು. ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯತ್ತೆ, ಬಿಸಿಲು ಬೇಡತ್ತೆ, ಬೇಗ ಬೆಳೆಯತ್ತೆ. ಕಾಡಿನ ಅಂಚಿನಲ್ಲಿ ಯಾರೂ ಮುಟ್ಟದೆ ಬಿಟ್ಟ ಹಳೇ ಅಕೇಶಿಯಾ ತೋಪಿನೊಳಗೆ ಒಮ್ಮೆ ಹೋಗಿ ನೋಡಿ, ಕೆಳಗೆ ನಮ್ಮವೇ ಸಸಿಗಳು ಎದ್ದಿರ್ತವೆ. ಅದರ ನಿಜವಾದ ಪಾಪ ಏನು ಅಂದ್ರೆ, ಆ ಸಸಿಗಳು ಮೇಲೇಳೋ ಹೊತ್ತಿಗೆ ಸರಿಯಾಗಿ ಕಟಾವಿಗೆ ಲಾರಿ ಬರತ್ತೆ. ಮತ್ತೆ ಎಲ್ಲ ಸವರಿ, ಮತ್ತೆ ಅದನ್ನೇ ನೆಡೋದು. ಗಡಿಯಾರವನ್ನು ಪ್ರತಿಸಲ ಸೊನ್ನೆಗೆ ತಿರುಗಿಸೋದು. ನಾವು ‘ದೇಶೀ ಗಿಡ’ದ ಹೆಸರಲ್ಲಿ ಜೇಸಿಬಿ ನುಗ್ಗಿಸಿದರೂ ಮಾಡೋದು ಅದೇ ತಪ್ಪನ್ನೇ. ಹೊಸ ಅಕೇಶಿಯಾ ನೆಡೋದು ಬೇಡವೇ ಬೇಡ, ಅದರಲ್ಲಿ ಎರಡು ಮಾತಿಲ್ಲ. ಹಳೆಯದರ ಅಡಿಯಲ್ಲಿ ಏನು ಎದ್ದಿದೆ ಅಂತ ಬಗ್ಗಿ ನೋಡದೆ ಕೊಡಲಿ ಹಾಕೋದೂ ಬೇಡ.

ಇದು ಹೊರಗಿನವರನ್ನು ಹೊಗಳೋಕೆ ಹೇಳ್ತಿರೋದಲ್ಲ. ನ್ಯೂಜಿಲೆಂಡಿನ ಬ್ಯಾಂಕ್ಸ್ ಪೆನಿನ್ಸುಲಾದಲ್ಲಿ ಹಿನೆವಾಯ್ ಅಂತ ಒಂದು ಜಾಗ ಇದೆ. ಹ್ಯೂ ವಿಲ್ಸನ್ ಅನ್ನೋ ಸಸ್ಯವಿಜ್ಞಾನಿ 1987ರಿಂದ ನೋಡಿಕೊಂಡು ಬಂದದ್ದು. ಅಲ್ಲಿನ ರೈತರಿಗೆ ಗೋರ್ಸ್ ಅನ್ನೋ ಮುಳ್ಳುಪೊದೆ ಅಂದ್ರೆ ನಮಗೆ ಲಂಟಾನ ಇದ್ದ ಹಾಗೆ, ಯುರೋಪಿನಿಂದ ಬಂದ ಪೀಡೆ. ವಿಲ್ಸನ್ ಅದನ್ನು ಕೀಳದೆ ಬಿಟ್ಟರು. ದನ ಕುರಿ ನುಗ್ಗದ ಹಾಗೆ ನೋಡಿಕೊಂಡರು, ಬೆಂಕಿ ತಡೆಯೋ ಪ್ರಯತ್ನ ಮಾಡಿದರು. ಅಕ್ಕಪಕ್ಕದವರು ಹುಚ್ಚು ಅಂದರು. ಗೋರ್ಸ್ ಕೂಡ ಬಿಸಿಲಿನ ಗಿಡ. ಅದರ ನೆರಳಲ್ಲೇ ಅಲ್ಲಿನ ಸ್ವಂತ ಮರಗಳು ಹುಟ್ಟಿ, ಮೇಲೆ ಬಂದು, ಗೋರ್ಸಿಗೆ ಬಿಸಿಲು ತಪ್ಪಿಸಿ ಸಾಯಿಸಿದವು. ಈಗ ಅಲ್ಲಿ ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಪಾಡಿದ ಪ್ರದೇಶ ಇದೆ.

ಇನ್ನೊಂದು ಉದಾಹರಣೆ ಕೇಳಿದರೆ ನಿಮಗೆ ನಗು ಬರಬಹುದು. ಕೋಸ್ಟರಿಕಾದ ಗುವಾನಕಾಸ್ಟೆಯಲ್ಲಿ ಡೇನಿಯಲ್ ಜಾನ್ಸೆನ್ ಮತ್ತು ಜೊತೆಗಾರರು ಹುಲ್ಲು ತುಂಬಿದ ಹಳೇ ಗೋಮಾಳಗಳನ್ನು ಮತ್ತೆ ಮಳೆಕಾಡು ಮಾಡೋಕೆ ಕಟ್ಟಿಗೆಗೆಂದು ನೆಟ್ಟು ಬಿಟ್ಟಿದ್ದ ಒಂದು ಪರದೇಶಿ ಮರದ ತೋಪುಗಳನ್ನು ಬಳಸಿಕೊಂಡರು. ಅದರ ನೆರಳು ಹುಲ್ಲನ್ನು ಕೊಂದಿತು, ಅಡಿಯಲ್ಲಿ ಅವರ ಕಾಡು ಎದ್ದಿತು. ಆ ಪರದೇಶಿ ಮರ ಯಾವುದು ಗೊತ್ತಾ? ನಮ್ಮ ಶಿವನೆ ಮರ!

ಲೆಕ್ಕ ಬೇಕು ಅನ್ನೋರಿಗೆ ಲೆಕ್ಕವೂ ಇದೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ. ಅಮೆರಿಕ ಖಂಡಗಳ ಮತ್ತು ಪಶ್ಚಿಮ ಆಫ್ರಿಕಾದ ಉಷ್ಣವಲಯದ 77 ಕಡೆ, ಬೇಸಾಯ ಬಿಟ್ಟ ಜಮೀನಿನಲ್ಲಿ ತಾನಾಗೇ ಎದ್ದ ಕಾಡುಗಳನ್ನು ಅಳೆದರು. ಬರೇ 20 ವರ್ಷದಲ್ಲಿ ಹಳೇ ಕಾಡಿನ ಗುಣಗಳ ಸರಾಸರಿ ಶೇಕಡಾ 78ರಷ್ಟು ಮರಳಿದ್ದವು. ಮಣ್ಣು ಹತ್ತು ವರ್ಷದೊಳಗೇ ಸುಧಾರಿಸಿತ್ತು. ಮರಗಳ ವೈವಿಧ್ಯಕ್ಕೆ 25ರಿಂದ 60 ವರ್ಷ. ಆದರೆ ಹಳೇ ಕಾಡಿನಲ್ಲಿದ್ದ ಅದದೇ ಜಾತಿಗಳು ಅದೇ ಪ್ರಮಾಣದಲ್ಲಿ ಮರಳೋಕೆ 120 ವರ್ಷಕ್ಕೂ ಹೆಚ್ಚು ಬೇಕು. ಅಂದ್ರೆ ಇದ್ದ ಹಳೇ ಕಾಡನ್ನು ಕಡಿದು ‘ಮತ್ತೆ ಬರತ್ತೆ ಬಿಡಿ’ ಅನ್ನೋರಿಗೂ ಈ ಅಧ್ಯಯನ ಕಪಾಳಕ್ಕೆ ಕೊಟ್ಟಿದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗಳು ನನಗೆ ಈಗಲೇ ಕೇಳಿಸ್ತಾ ಇವೆ. ಒಂದೊಂದಾಗಿ ಉತ್ತರ ಕೊಡ್ತೀನಿ.

‘ಹಾಗಾದ್ರೆ ಲಂಟಾನವನ್ನೂ ಬಿಟ್ಟುಬಿಡಬೇಕಾ?’ ಇಲ್ಲ. ಮೊದಲು ಬಂದವರೆಲ್ಲ ಬಾಗಿಲು ತೆರೆಯಲ್ಲ. 1977ರಲ್ಲೇ ಕಾನೆಲ್ ಮತ್ತು ಸ್ಲಾಟಿಯರ್ ಅನ್ನೋ ಇಬ್ಬರು ಇದನ್ನು ವಿಂಗಡಿಸಿ ಹೇಳಿದ್ದರು. ಮೊದಲು ಬಂದ ಗಿಡ ಮುಂದಿನವರಿಗೆ ದಾರಿ ಮಾಡಬಹುದು, ಸುಮ್ಮನೆ ಸಹಿಸಿಕೊಳ್ಳಬಹುದು, ಅಥವಾ ಅಡ್ಡಗಾಲು ಹಾಕಬಹುದು. ಲಂಟಾನ ಎಷ್ಟೋ ಕಡೆ ಮೂರನೇ ಜಾತಿಗೆ ಸೇರಿದ್ದು. ನೆಲಮಟ್ಟದಲ್ಲೇ ದಟ್ಟ ಪೊದೆಯಾಗಿ ಹಬ್ಬಿ, ಕಡಿದರೆ ಮತ್ತೆ ಚಿಗುರಿ, ಸಸಿಗಳಿಗೆ ಜಾಗವೇ ಕೊಡಲ್ಲ. ಅದನ್ನು ತೆಗೆಯಬೇಕು. ಆದರೆ ಕೈಯಲ್ಲಿ, ನಡುವೆ ಇರೋ ಸಸಿ ನೋಡಿಕೊಂಡು. ಮುಖ್ಯವಾಗಿ, ಅದನ್ನು ಕರೆದು ತಂದವರು ಯಾರು? ನನ್ನ ಪಾಲಿನ ಬೆಟ್ಟಕ್ಕೆ ಲಂಟಾನ ಬಂದದ್ದು ನಾನು ನೆರಳು ತೆಗೆಸಿದ ಮೇಲೆ. ಅಗಳದ ಆಚೆ ದೊಡ್ಡಪ್ಪನ ಪಾಲಿನಲ್ಲಿ ಅಂಚಿನಲ್ಲಷ್ಟೇ ಇದೆ, ಒಳಗಿಲ್ಲ.

‘ನೆಡೋದೇ ತಪ್ಪಾ?’ ತಪ್ಪಲ್ಲ. ಕಾಡು ಹತ್ತಿರ ಇಲ್ಲದಿದ್ದರೆ, ಬೀಜ ಹೊತ್ತು ತರೋ ಹಕ್ಕಿ ಇಲ್ಲದಿದ್ದರೆ ನೆಡಲೇಬೇಕು. ರಾಮಪತ್ರೆಯ ದೊಡ್ಡ ಬೀಜವನ್ನು ಪಿಕಳಾರ ನುಂಗಲಾರದು, ಅದಕ್ಕೆ ಮಂಗಟ್ಟೆಯಂಥ ದೊಡ್ಡ ಹಕ್ಕಿ ಬೇಕು. ಮಂಗಟ್ಟೆ ಹೋದ ಕಾಡಿಗೆ ರಾಮಪತ್ರೆ ತಾನಾಗಿ ಬರೋದು ಕಷ್ಟ. ತಮಿಳುನಾಡಿನ ವಾಲ್ಪಾರೈಯಲ್ಲಿ ಟೀ ತೋಟಗಳ ನಡುವೆ ಉಳಿದ ಮಳೆಕಾಡಿನ ಚೂರುಗಳಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡ್ತಾ ಇದ್ದಾರೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕಳೆ ತೆಗೆದು ಹಲವು ಜಾತಿಯ ದೇಶೀ ಸಸಿ ನೆಟ್ಟ ಜಾಗಗಳು ಸುಮ್ಮನೆ ಬಿಟ್ಟ ಜಾಗಗಳಿಗಿಂತ ಬೇಗ ಚೇತರಿಸಿಕೊಂಡಿದ್ದವು. ನನ್ನ ವಾದಕ್ಕೆ ವಿರುದ್ಧ ಅಂತ ಇದನ್ನು ಮುಚ್ಚಿಡಲ್ಲ. ಆದರೆ ಅವರು ಕೆಲಸ ಮಾಡೋ ರೀತಿ ನೋಡಿ. ತಾನಾಗಿ ಎದ್ದ ಸಸಿಗಳನ್ನು ಉಳಿಸಿಕೊಂಡು ಕಳೆ ತೆಗೀತಾರೆ, ಅಲ್ಲಿಯದೇ ಬೀಜದಿಂದ ತಮ್ಮ ನರ್ಸರಿಯಲ್ಲಿ ಸಸಿ ಮಾಡ್ತಾರೆ, ನೆಟ್ಟ ಮೇಲೂ ವರ್ಷಗಟ್ಟಲೆ ಹಿಂದೆ ಬೀಳ್ತಾರೆ. ಒಂದು ಭಾನುವಾರದ ಪಿಕ್ನಿಕ್ ಅಲ್ಲ ಅದು.

‘ಮಿಯಾವಾಕಿ?’ ಜಪಾನಿನ ಅಕಿರಾ ಮಿಯಾವಾಕಿಯವರ ಕ್ರಮದಲ್ಲಿ ಮೊದಲಿಗರ ಹಂತವನ್ನೇ ಹಾರಿಸಿ, ಮಣ್ಣು ಹದ ಮಾಡಿ, ಚದರ ಮೀಟರಿಗೆ ಮೂರ್ನಾಲ್ಕು ಸಸಿ ಒತ್ತಾಗಿ ನೆಡ್ತಾರೆ. ಬೆಂಗಳೂರಿನ ಸೈಟಿನಲ್ಲಿ, ಮಣ್ಣೇ ಇಲ್ಲದ ಕಡೆ ಮಾಡಿ, ಬೇಡ ಅನ್ನಲ್ಲ. ಇಡೀ ಬೆಟ್ಟಕ್ಕೆ ಅದನ್ನು ತರೋದು, ಮನೆಯಲ್ಲೇ ಊಟ ಸಿದ್ಧವಿರುವಾಗ ಪಾತ್ರೆ ಚೆಲ್ಲಿ ಹೋಟೆಲಿಗೆ ಆರ್ಡರ್ ಕೊಟ್ಟ ಹಾಗೆ.

‘ಮರ ಇಲ್ಲದ ಜಾಗ ಎಲ್ಲ ಬಿಟ್ಟರೆ ಕಾಡಾಗತ್ತಾ?’ ಇಲ್ಲ, ಆಗಬೇಕಾಗಿಯೂ ಇಲ್ಲ. ಕುದುರೆಮುಖದ, ಬಾಬಾಬುಡನ್‌ಗಿರಿಯ ಎತ್ತರದ ಹುಲ್ಲುಗಾವಲು ಹಾಳಾದ ಕಾಡಲ್ಲ, ಅದು ಹುಲ್ಲುಗಾವಲೇ. ಅಲ್ಲಿ ಬೀಜದುಂಡೆ ಎಸೆದು ಬರೋ ಮಿತ್ರರೇ, ದಯವಿಟ್ಟು ಎಸೀಬೇಡಿ. ಚಾರಣ ಮಾಡಿ, ಫೋಟೋ ತೆಗೀರಿ, ಬನ್ನಿ.

ಸರಿ, ಭಾನುವಾರದ ಮೀಟಿಂಗಿನಲ್ಲಿ ನಾನು ಏನು ಹೇಳಬೇಕು? ಬರೇ ‘ಬೇಡ’ ಅಂದ್ರೆ ಹುಡುಗರು ಕೇಳಲ್ಲ, ದುಡ್ಡು ಬೇರೆ ಬಂದಿದೆ. ಹಾಗಾಗಿ ಹೀಗೆ ಹೇಳೋಣ ಅಂತಿದೀನಿ. ಜೇಸಿಬಿ ಬೇಡ. ಮೊದಲು ಎಲ್ಲರೂ ಒಂದು ದಿನ ಬೆಟ್ಟ ಹತ್ತಿ, ಉಪ್ಪಳಿಗೆಯ ಬುಡದಲ್ಲಿ ಏನೇನು ಎದ್ದಿದೆ ಎಣಿಸೋಣ. ಸಿಕ್ಕ ಒಳ್ಳೇ ಸಸಿಗೆ ಒಂದು ಕೋಲು ಹುಗಿದು ಬಟ್ಟೆ ಕಟ್ಟೋಣ. ಆ ಸಸಿಯ ಸುತ್ತ ಒಂದು ಮೊಳ ಹುಲ್ಲು, ಬಳ್ಳಿ ಸವರೋಣ. ಕಂಪನಿಯ ದುಡ್ಡಿನಲ್ಲಿ ಮೂರು ವರ್ಷ ಬೇಸಿಗೆಗೆ ಇಬ್ಬರು ಬೆಂಕಿ ಕಾವಲಿಗೆ ಇಡೋಣ, ಮೇಯೋ ದನಕ್ಕೆ ಒಂದು ಕಡೆ ಬೇಲಿ ಹಾಕೋಣ. ಸೊಪ್ಪು ಬೇಕಾದವರು ಒಂದು ಪಾಲಿನಲ್ಲಿ ಕಡಿಯಲಿ, ಇನ್ನೊಂದು ಪಾಲು ಬಿಡಲಿ, ಯಾಕಂದ್ರೆ ಬೆಟ್ಟ ಇರೋದೇ ತೋಟಕ್ಕೆ, ಅದನ್ನು ಮರೆತು ಮಾತಾಡಿದರೆ ನನ್ನದು ಬೆಂಗಳೂರಿನ ಬುದ್ಧಿ ಆಗತ್ತೆ. ಎರಡು ಮೂರು ಮಳೆಗಾಲ ಆದ ಮೇಲೆ ಯಾವ ಜಾತಿ ಬಂದಿಲ್ಲ ಅಂತ ನೋಡಿ, ಅದನ್ನು ಮಾತ್ರ, ಧೂಪ, ರಾಮಪತ್ರೆಯನ್ನು ಮಾತ್ರ, ಉಪ್ಪಳಿಗೆಯ ನೆರಳಿನಲ್ಲೇ ನೆಡೋಣ. ಮೂರು ಸಾವಿರ ಬೇಡ, ಮುನ್ನೂರು ಸಾಕು. ಬ್ಯಾನರು ಬೇಕೇ ಬೇಕು ಅಂದ್ರೆ ಕಟ್ಟಲಿ, ಅದಕ್ಕೆ ನನ್ನ ಅಭ್ಯಂತರ ಇಲ್ಲ.

ಹುಡುಗರು ಒಪ್ತಾರೋ ಇಲ್ಲವೋ ಗೊತ್ತಿಲ್ಲ. “2008ರಲ್ಲಿ ನೀವು ಮಾಡಬಹುದಿತ್ತು, ಈಗ ನಾವು ಮಾಡಿದರೆ ತಪ್ಪಾ?” ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಅದಕ್ಕೇ ಊರಿಗೆ ಹೋದವನು ಮೀಟಿಂಗಿಗೆ ಮೊದಲು ಅವರನ್ನೆಲ್ಲ ಅಗಳದ ಹತ್ತಿರ ಕರೆದುಕೊಂಡು ಹೋಗ್ತೀನಿ. ಈ ಕಡೆ ನನ್ನ ಆರುನೂರು ಸಸಿಯ ಜಾಗ, ಆ ಕಡೆ ದೊಡ್ಡಪ್ಪ ಮುಟ್ಟೋಕೆ ಬಿಡದ ಜಾಗ. ಎರಡನ್ನೂ ನೋಡಿದ ಮೇಲೆ ಕೈ ಎತ್ತಲಿ.

ನಿಮ್ಮಲ್ಲಿ ಈ ಮಳೆಗಾಲಕ್ಕೆ ಎಲ್ಲಾದರೂ ಗಿಡ ನೆಡೋಕೆ ಹೊರಟವರಿದ್ದರೆ ಒಂದೇ ಕೋರಿಕೆ. ಗುಂಡಿ ತೆಗೆಯೋ ಮೊದಲು, ಅಲ್ಲಿ ಆಗಲೇ ಯಾರು ಬಂದು ನಿಂತಿದ್ದಾರೆ ಅಂತ ಒಮ್ಮೆ ನೋಡಿ. ಹೆಸರು ಗೊತ್ತಾಗದಿದ್ದರೆ ಊರ ಹಿರಿಯರನ್ನು ಕೇಳಿ.

ಬೈಯೋದಿದ್ದರೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ನಿಮ್ಮೂರ ಕಡೆ ಉಪ್ಪಳಿಗೆಗೆ ಏನಂತಾರೆ ಅಂತಲೂ ಬರೀರಿ. ಮೀಟಿಂಗಿನಲ್ಲಿ ಏನಾಯ್ತು ಅಂತ ಸೋಮವಾರ ತಿಳಿಸ್ತೀನಿ, ಊರಲ್ಲಿ ನೆಟ್‌ವರ್ಕ್ ಸಿಕ್ಕಿದರೆ. :-)